ಹುಟ್ಟುತೂಕದಲ್ಲಿ ಬರೆದಿಟ್ಟ ಆರೋಗ್ಯ: ಮೈಸೂರಿನ ಅಧ್ಯಯನಗಳು ತೋರಿಸಿದ ದಾರಿ

ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಆಹಾರಪದ್ಧತಿ, ಮೈಮುರಿದು ದುಡಿಯದ ಜೀವನಕ್ರಮ ಮತ್ತು ಮನೆತನದಿಂದ ಬಂದ ಗುಣಗಳೇ ಕಾರಣವೆಂದು ಬಹುಕಾಲ ತಿಳಿಯಲಾಗಿತ್ತು. ಈ ಕಾಯಿಲೆಗಳ ಬೇರು ತಾಯಿಯ ಗರ್ಭದವರೆಗೂ ಇಳಿದಿರಬಹುದೆಂಬ ವಿಚಾರವನ್ನು 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವೈದ್ಯವಿಜ್ಞಾನಿ ಡೇವಿಡ್ ಬಾರ್ಕರ್ ಮುಂದಿಟ್ಟರು. ಭಾರತದಲ್ಲಿ ಅದನ್ನು ಒರೆಗೆ ಹಚ್ಚಲು ನೆರವಾದದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಎಂದರೆ ಜನರ ಬಾಯಲ್ಲಿನ ಮಿಷನ್ ಆಸ್ಪತ್ರೆ.

ಈ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ಬಾರ್ಕರ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದವರ ತಂಡವು ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ನೆಲೆಸಿದ್ದ 517 ಜನರನ್ನು ಪರೀಕ್ಷಿಸಿ, ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿದ್ದರೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3ರಷ್ಟಿತ್ತು. ತಾವೂ ಕಡಿಮೆ ತೂಕದಲ್ಲಿ ಹುಟ್ಟಿ, ಹೆತ್ತ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದವರಲ್ಲಿ ಆ ಪ್ರಮಾಣ ಶೇ. 20ಕ್ಕೆ ಏರಿತ್ತು. ಆದರೆ ಸಕ್ಕರೆ ಕಾಯಿಲೆಯ ಕಥೆ ಇಷ್ಟು ಸರಳವಾಗಿರಲಿಲ್ಲ. 1998ರಲ್ಲಿ ಹೊರಬಂದ ಇನ್ನೊಂದು ವರದಿಯ ಪ್ರಕಾರ, ಉದ್ದ ಕಡಿಮೆಯಿದ್ದು ಗುಂಡುಗುಂಡಾಗಿ ಹುಟ್ಟಿದವರಲ್ಲಿ, ಅದರಲ್ಲೂ ದಪ್ಪ ಮೈಯ ತಾಯಂದಿರ ಮಕ್ಕಳಲ್ಲಿ, ಆ ಕಾಯಿಲೆ ಹೆಚ್ಚಾಗಿತ್ತು.

ಹಳೆಯ ದಾಖಲೆಗಳಲ್ಲಿ ಗರ್ಭಿಣಿಯ ರಕ್ತದ ವಿವರವಿರಲಿಲ್ಲವಾದ್ದರಿಂದ, 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. 830 ಗರ್ಭಿಣಿಯರಿಗೆ ಸುಮಾರು ಮೂವತ್ತನೆಯ ವಾರದಲ್ಲಿ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದಾಗ ಶೇ. 6.2ರಷ್ಟು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಇಂಥ ತಾಯಂದಿರ ಮಕ್ಕಳ ಮೈಯಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿತ್ತು. ಪರೀಕ್ಷೆಗೊಳಗಾದ ತಾಯಂದಿರಲ್ಲಿ ಶೇ. 43ರಷ್ಟು ಮಂದಿಗೆ ವಿಟಮಿನ್ ಬಿ12ರ ಕೊರತೆಯಿದ್ದರೆ, ಇನ್ನೊಂದು ಬಿ ವಿಟಮಿನ್ ಆದ ಫೋಲೇಟ್‌ನ ಕೊರತೆ ಶೇ. 4ರಷ್ಟು ಮಾತ್ರವಿತ್ತು.

ಆದರೆ ತಾಯಿಯ ಪೋಷಣೆಯ ಕೊರತೆ ಮತ್ತು ಮಗುವಿನ ಕಡಿಮೆ ತೂಕದಂಥ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು, ಏಕೆಂದರೆ ಪೌಷ್ಟಿಕಾಂಶದ ಕೊರತೆಯಿರುವ ಮನೆಯಲ್ಲಿ ಬಡತನ, ಅತಿಯಾದ ದುಡಿಮೆ, ಸೋಂಕುಗಳೂ ಒಟ್ಟಿಗೇ ಇರುತ್ತವೆ. ಈ ತೊಡಕನ್ನು ಬಿಡಿಸಲು ವಂಶವಾಹಿಗಳು, ಅಂದರೆ ಜೀನ್‌ಗಳು, ನೆರವಾಗುತ್ತವೆ. ಜನಸಮುದಾಯದಲ್ಲಿ ಕಾಯಿಲೆಗಳು ಹಂಚಿಕೊಂಡಿರುವ ಬಗೆಯನ್ನು ಜೀನ್‌ಗಳ ಜೊತೆಗಿಟ್ಟು ನೋಡುವ ಶಾಸ್ತ್ರವೇ ಜೆನೆಟಿಕ್ ಎಪಿಡೆಮಿಯಾಲಜಿ. ಒಂದು ಜೀನಿನ ಯಾವ ರೂಪ ಯಾರಿಗೆ ಸಿಗುತ್ತದೆಂಬುದು ಚೀಟಿ ಎತ್ತಿದಂತೆ ಗರ್ಭ ನಿಲ್ಲುವಾಗಲೇ ತೀರ್ಮಾನವಾಗುವುದರಿಂದ, ಮುಂದಿನ ಬಡತನವಾಗಲೀ ಊಟವಾಗಲೀ ಅದನ್ನು ಬದಲಿಸಲಾರವು. ಹೀಗಾಗಿ ಅದು ಕಾರಣವನ್ನು ಪತ್ತೆಹಚ್ಚುವ ಸಾಧನವಾಗುತ್ತದೆ. ಆನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಮೆಂಡೆಲ್‌ನ ಹೆಸರು ಹೊತ್ತ ಈ ವಿಧಾನವನ್ನು ಮೆಂಡೀಲಿಯನ್ ರಾಂಡಮೈಸೇಶನ್ ಎನ್ನುತ್ತಾರೆ.

ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರವಾದ ಸಿಸಿಎಂಬಿಯ ಜಿ.ಆರ್. ಚಾಂಡಕ್ ಮತ್ತು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಣೆ ಮತ್ತು ಮೈಸೂರಿನ ತಾಯಿ-ಮಕ್ಕಳಿಗೆ ಈ ವಿಧಾನವನ್ನು ಅನ್ವಯಿಸಲಾಯಿತು. ಬಿ12 ಅಥವಾ ಫೋಲೇಟ್ ಸಾಲದಿದ್ದಾಗ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಹೆಚ್ಚುತ್ತದೆ. ಎಂಟಿಎಚ್‌ಎಫ್‌ಆರ್ ಎಂಬ ಜೀನಿನ ಒಂದು ರೂಪ ಉಳ್ಳವರಲ್ಲಿಯೂ ಅದು ಹೆಚ್ಚಿರುತ್ತದೆ. ತಾಯಿಯಲ್ಲಿ ಆ ರೂಪವಿದ್ದರೆ ಮಗುವಿನ ತೂಕ ತಗ್ಗಿತ್ತು, ಆದರೆ ಮಗುವಿನಲ್ಲಿಯೇ ಆ ರೂಪವಿದ್ದುದು ತೂಕಕ್ಕೆ ಸಂಬಂಧಿಸಿರಲಿಲ್ಲ. ಅಂದರೆ ಮಗುವಿನ ಬೆಳವಣಿಗೆಯನ್ನು ತಗ್ಗಿಸಿದ್ದು ಅದು ಪಡೆದು ಬಂದ ಜೀನ್ ಅಲ್ಲ, ತಾಯಿಯ ದೇಹ ಅದಕ್ಕೆ ಒದಗಿಸಿದ ಪರಿಸರ ಎಂಬ ವಾದಕ್ಕೆ ಇದರಿಂದ ಗಟ್ಟಿಯಾದ ಆಧಾರ ದೊರೆಯಿತು.

ಜೀನ್‌ಗಳ ಅಧ್ಯಯನವು ಕೊನೆಗೆ ಬೊಟ್ಟುಮಾಡುವುದು ಹಣೆಬರಹದ ಕಡೆಗಲ್ಲ, ತಾಯಿಯ ತಟ್ಟೆಯ ಕಡೆಗೆ ಎಂಬುದು ಇಲ್ಲಿನ ದೊಡ್ಡ ಪಾಠ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಘೋಣಸಗಿಯಂತಹ ಊರಿಗೂ ಇದು ಅನ್ವಯಿಸುತ್ತದೆ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯದ ಊಟದಲ್ಲಿ ಫೋಲೇಟ್ ಸಿಕ್ಕರೂ ಬಿ12 ಸಿಗುವುದಿಲ್ಲ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಬೇಕು. 2017ರ ಅಕ್ಟೋಬರ್‌ನಲ್ಲಿ ರಾಜ್ಯಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆಯು ಅಂಗನವಾಡಿಯ ಬಿಸಿಯೂಟದ ಜೊತೆಗೆ ಹಾಲು ಮತ್ತು ಮೊಟ್ಟೆಯನ್ನು ಸೇರಿಸಿದ್ದರ ಮಹತ್ವ ಇಲ್ಲಿ ತಿಳಿಯುತ್ತದೆ. ಆದರೆ ಗರ್ಭದ ಮೊದಲ ವಾರಗಳಲ್ಲೇ ಮಗುವಿನ ಅಂಗಾಂಗಗಳು ರೂಪುಗೊಳ್ಳುವುದರಿಂದ ಪೋಷಣೆ ಹದಿಹರೆಯದ ಹೆಣ್ಣುಮಗಳಿಂದಲೇ ಶುರುವಾಗಬೇಕು. ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಸೊಸೆ ಉಣ್ಣುವ ರೂಢಿ ನಿಲ್ಲಬೇಕು. ಹಾಗೆಯೇ ಗರ್ಭಿಣಿಯ ಆರೋಗ್ಯ ದಾಖಲೆಯಾದ ತಾಯಿ ಕಾರ್ಡಿನಲ್ಲಿ ಗರ್ಭಿಣಿಯ ತೂಕವನ್ನೂ ಮಗುವಿನ ಹುಟ್ಟುತೂಕವನ್ನೂ ಅಂದಾಜಿಗೆ ಬರೆಯದೆ ತೂಗಿಯೇ ಬರೆಯಬೇಕು, ಏಕೆಂದರೆ ಮೈಸೂರಿನ ಹೆರಿಗೆ ಕೋಣೆಯಲ್ಲಿ ನಿಷ್ಠೆಯಿಂದ ದಾಖಲಾದ ಅಂಕಿಗಳು ಅರವತ್ತು ವರ್ಷಗಳ ನಂತರ ಹೃದ್ರೋಗದ ಮೂಲವನ್ನು ಅರಿಯಲು ನೆರವಾದವು.