ಮುಂಬಯಿ ಉತ್ತರ: ಒಂದು ಉಪನಗರ ಕ್ಷೇತ್ರದ ಚುನಾವಣಾ ಚರಿತ್ರೆ

ಮುಂಬಯಿಯ ಪಶ್ಚಿಮ ಉಪನಗರಗಳ ಚರಿತ್ರೆಯನ್ನು ಬರೆದವು ರೈಲುಹಳಿಗಳು ಎಂದರೆ ಅತಿಶಯೋಕ್ತಿಯಾಗದು. 1928ರಲ್ಲಿ ಬೊರಿವಲಿಯವರೆಗೆ ವಿದ್ಯುತ್ ರೈಲು ಓಡಿತು. 1936ರಲ್ಲಿ ವಿರಾರಿನವರೆಗೆ ಮುಂದುವರಿಯಿತು. ನಗರದ ಇಕ್ಕಟ್ಟಿನಲ್ಲಿ ಬಿಡಾರ ದೊರೆಯದವರು ಈ ಹಳಿಗಳ ಗುಂಟ ಉತ್ತರಕ್ಕೆ ಸರಿದರು. 1957ರಲ್ಲಿ ಮಹಾನಗರಪಾಲಿಕೆಯ ಎಲ್ಲೆಯು ದಹಿಸರ್ ಮತ್ತು ಮುಲುಂಡ್‌ಗಳವರೆಗೆ ವಿಸ್ತಾರಗೊಂಡಿತು. ಗುಜರಾತಿಗಳು, ಮರಾಠಿಗರು, ಉತ್ತರ ಭಾರತದವರು, ಮಲಯಾಳಿಗಳು ಇವರೊಡನೆ ನಮ್ಮ ಕರಾವಳಿಯ ಹಾಗೂ ಘಟ್ಟದ ಮೇಲಿನ ಕನ್ನಡಿಗರೂ ಗೋರೆಗಾಂವ್, ಮಲಾಡ್, ಕಾಂದಿವಲಿ, ಬೊರಿವಲಿಗಳಲ್ಲಿ ನೆಲೆನಿಂತರು. ಹೀಗೆ ಬಂದವರೇ ಕೂಡಿ ಕಟ್ಟಿದ ಊರು ತನ್ನ ಪ್ರತಿನಿಧಿಯಾಗಿ ಯಾರನ್ನು ಆರಿಸಿ ದಿಲ್ಲಿಗೆ ಕಳುಹಿಸಿತು? ಈ ಪ್ರಶ್ನೆಗೆ ಉತ್ತರ ಹುಡುಕುವುದು ಕೇವಲ ರಾಜಕೀಯ ಕುತೂಹಲದ ವಿಷಯವಲ್ಲ. ಹೊರಗಿನಿಂದ ಬಂದು ಇಲ್ಲಿಯವರಾದ ನಮ್ಮೆಲ್ಲರಿಗೂ ಅದು ಸಂಬಂಧಿಸಿದ್ದು.

ಈ ಕ್ಷೇತ್ರದ ಏಳು ದಶಕಗಳ ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಒಂದೇ ಪ್ರಶ್ನೆ ಬೇರೆ ಬೇರೆ ವೇಷ ತೊಟ್ಟು ಮತ್ತೆ ಮತ್ತೆ ಎದುರಾಗುವುದನ್ನು ಕಾಣಬಹುದು. ಅದು, "ಈ ಅಭ್ಯರ್ಥಿ ಇಲ್ಲಿಯವನೇ?" ಎಂಬ ಪ್ರಶ್ನೆ.

ಆರಂಭದ ವರ್ಷಗಳು

1951-52ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ 'ಮುಂಬಯಿ ಉಪನಗರ' ಎಂಬ ಹೆಸರಿನ ಲೋಕಸಭಾ ಕ್ಷೇತ್ರವಿತ್ತು. ಅಲ್ಲಿಂದ ಆರಿಸಿ ಬಂದವರು ಕಾಂಗ್ರೆಸ್ಸಿನ ಶ್ರೀಮತಿ ಜಯಶ್ರೀ ರಾಯಜಿ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ, ಮಹಿಳಾ ಕಲ್ಯಾಣಕ್ಕಾಗಿ ದುಡಿದ ಸಮಾಜಸೇವಕಿ. ಉಪನಗರಗಳ ಮೊದಲ ಲೋಕಸಭಾ ಪ್ರತಿನಿಧಿ ಒಬ್ಬ ಮಹಿಳೆಯೆಂಬುದು ಸ್ಮರಣೀಯ.

1957ರಲ್ಲಿ ಉತ್ತರ ಮುಂಬಯಿಯಿಂದ ಕಾಂಗ್ರೆಸ್ಸು ಶ್ರೀ ವಿ. ಕೆ. ಕೃಷ್ಣ ಮೆನನ್ ಅವರನ್ನು ನಿಲ್ಲಿಸಿತು. ಕಲ್ಲಿಕೋಟೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ದಶಕಗಳನ್ನು ಕಳೆದ ಮೆನನ್ನರಿಗೂ ಮುಂಬಯಿಯ ಉಪನಗರಗಳಿಗೂ ಏನು ಸಂಬಂಧ? ಆದರೆ ಅದೇ ವರ್ಷದ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿಯಲ್ಲಿ ಕಾಶ್ಮೀರ ಕುರಿತು ಅವರು ಸುಮಾರು ಎಂಟು ತಾಸು ಮಾತನಾಡಿದ್ದರು. ಅವರ ಹೆಸರು ಮನೆಮಾತಾಗಿತ್ತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾವಿನಲ್ಲಿ ಕಾಂಗ್ರೆಸ್ಸಿಗೆ ಮುಂಬಯಿಯಲ್ಲಿ ಕಾಲ ಅನುಕೂಲವಾಗಿರಲಿಲ್ಲ. ಹಾಗಿದ್ದೂ ಪ್ರಜಾ ಸಮಾಜವಾದಿ ಪಕ್ಷದ ಪೀಟರ್ ಆಲ್ವಾರಿಸ್ ಅವರ 1,23,967 ಮತಗಳಿಗೆ ಎದುರಾಗಿ ಮೆನನ್ನರು 1,71,708 ಮತಗಳನ್ನು ಪಡೆದು ಗೆದ್ದರು.

1962ರ ಸ್ಪರ್ಧೆಯು ದೇಶದ ಗಮನವನ್ನೇ ಸೆಳೆಯಿತು. ರಕ್ಷಣಾ ಸಚಿವರಾಗಿದ್ದ ಮೆನನ್ನರ ವಿರುದ್ಧ, ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷರಾದ ಆಚಾರ್ಯ ಕೃಪಲಾನಿಯವರು ವಿರೋಧ ಪಕ್ಷಗಳ ಬೆಂಬಲದಿಂದ ಕಣಕ್ಕಿಳಿದರು. ನೆಹರೂ ಅವರ ಕೋರಿಕೆಯ ಮೇರೆಗೆ ನಟ ದಿಲೀಪ್ ಕುಮಾರರು ಮೆನನ್ನರ ಪರವಾಗಿ ಪ್ರಚಾರ ಮಾಡಿದರು. ಮೆನನ್ನರಿಗೆ 2,96,804, ಕೃಪಲಾನಿಯವರಿಗೆ 1,51,437 ಮತಗಳು ಬಿದ್ದವು. ಇಬ್ಬರೂ ಈ ಊರಿನವರಲ್ಲ. ಮತದಾರರು ಅದನ್ನು ಕೊರತೆಯೆಂದು ಎಣಿಸಲೂ ಇಲ್ಲ.

ಗಾಳಿ ತಿರುಗಿದ 1967

ಅದೇ ವರ್ಷದ ಅಕ್ಟೋಬರದಲ್ಲಿ ಚೀನಾ ಯುದ್ಧ ಆರಂಭವಾಯಿತು. ಮೆನನ್ನರು ಅಧಿಕಾರ ಕಳೆದುಕೊಂಡರು. 1966ರ ಜೂನಿನಲ್ಲಿ ಶಿವಸೇನೆ ಸ್ಥಾಪನೆಯಾಯಿತು. ದಾಕ್ಷಿಣಾತ್ಯರು ಭೂಮಿಪುತ್ರರ ನೌಕರಿ ಕಸಿಯುತ್ತಿದ್ದಾರೆಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದ ಕಾಲವದು. ಹಿರಿಯ ಓದುಗರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

1967ರ ವೇಳೆಗೆ ಉತ್ತರದ ಉಪನಗರಗಳು ವಾಯವ್ಯ, ಈಶಾನ್ಯ ಎಂದು ಎರಡು ಕ್ಷೇತ್ರಗಳಾಗಿದ್ದವು. ಮಹಾರಾಷ್ಟ್ರದವರಲ್ಲ ಎಂಬ ಕಾರಣ ಮುಂದಿಟ್ಟು ಮೆನನ್ನರಿಗೆ ಕಾಂಗ್ರೆಸ್ ಟಿಕೇಟು ನಿರಾಕರಿಸಲಾಯಿತು. ಅವರು ಪಕ್ಷ ತೊರೆದು ಈಶಾನ್ಯದಿಂದ ಸ್ವತಂತ್ರರಾಗಿ ನಿಂತರು. ಸಮರ್ಥ ಆಡಳಿತಗಾರರೆಂದು ಹೆಸರಾದ ಕಾಂಗ್ರೆಸ್ಸಿನ ಶ್ರೀ ಸ. ಗೋ. ಬರ್ವೆಯವರು ಅವರನ್ನು ಸೋಲಿಸಿದರು. ಕೆಲವೇ ದಿನಗಳಲ್ಲಿ ಬರ್ವೆಯವರು ತೀರಿಕೊಂಡರು. ಮರುಚುನಾವಣೆಯಲ್ಲಿ ಅವರ ಸೋದರಿ ಶ್ರೀಮತಿ ತಾರಾ ಸಪ್ರೆಯವರು ಮೆನನ್ನರನ್ನು ಮತ್ತೊಮ್ಮೆ ಸೋಲಿಸಿದರು. ಒಂದೇ ವರ್ಷದಲ್ಲಿ, ಒಂದೇ ಕ್ಷೇತ್ರದಲ್ಲಿ ಎರಡು ಸೋಲು! ಐದು ವರ್ಷಗಳ ಹಿಂದೆ ಯಾರೂ ಕೇಳದಿದ್ದ "ಇಲ್ಲಿಯವನೇ?" ಎಂಬ ಪ್ರಶ್ನೆ ಈಗ ಬಾಗಿಲಿಗೆ ಬಂದು ನಿಂತಿತ್ತು.

ಆದರೆ ಅದೊಂದೇ ಉತ್ತರವೆಂದು ತೀರ್ಮಾನಿಸುವುದೂ ಸರಿಯಲ್ಲ. ಅದೇ 1967ರಲ್ಲಿ, ನಗರದ ದಕ್ಷಿಣದ ತುದಿಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಕಾಂಗ್ರೆಸ್ಸಿನ ಬಲಾಢ್ಯ ಧುರೀಣ ಎಸ್. ಕೆ. ಪಾಟೀಲರನ್ನು ಮಣಿಸಿದರು. ಟ್ಯಾಕ್ಸಿ ಚಾಲಕರ, ಪಾಲಿಕೆಯ ಕೆಲಸಗಾರರ ನಡುವೆ ವರ್ಷಗಟ್ಟಲೆ ದುಡಿದವರನ್ನು ಜನರು ಹೊರಗಿನವರೆಂದು ಕಾಣಲಿಲ್ಲ. ಹುಟ್ಟಿದ ಊರು ಯಾವುದೆಂಬುದಕ್ಕಿಂತ ಬಾಳಿದ ಬಗೆ ಯಾವುದೆಂಬುದು ಇಲ್ಲಿ ಹೆಚ್ಚು ತೂಗಿತು.

ನೀರು ಮತ್ತು ರೈಲು

1977ರಲ್ಲಿ ಮುಂಬಯಿ ಉತ್ತರವೆಂಬ ಹೆಸರು ಮರಳಿ ಬಂದಿತು. ತುರ್ತುಪರಿಸ್ಥಿತಿಯ ಸೆರೆವಾಸ ಮುಗಿಸಿ ಬಂದ ಶ್ರೀಮತಿ ಮೃಣಾಲ್ ಗೋರೆಯವರು ಜನತಾ ಪಕ್ಷದಿಂದ ಗೆದ್ದರು. ಗೋರೆಗಾಂವಿನ ಬಡಾವಣೆಗಳಿಗೆ ಕುಡಿಯುವ ನೀರು ತರಿಸಲು ಹೋರಾಡಿ 'ಪಾಣೀವಾಲೀ ಬಾಯಿ' ಎಂಬ ಬಿರುದು ಪಡೆದಿದ್ದ ಈಕೆ, ಬೆಲೆಯೇರಿಕೆಯ ವಿರುದ್ಧ ಲಟ್ಟಣಿಗೆ ಹಿಡಿದ ಗೃಹಿಣಿಯರನ್ನು ಬೀದಿಗಿಳಿಸಿದವರು. ಕೊಡ ಹಿಡಿದು ನಲ್ಲಿಯ ಮುಂದೆ ನಿಂತ ಹೆಂಗಸಿನ ಕಷ್ಟವು ಲೋಕಸಭೆಯ ಮೆಟ್ಟಿಲೇರಿದ್ದು ಈ ಕ್ಷೇತ್ರದ ಹೆಮ್ಮೆ.

1980ರಲ್ಲಿ ದೇಶದ ಬಹುಭಾಗ ಇಂದಿರಾ ಗಾಂಧಿಯವರ ಕಡೆ ತಿರುಗಿದರೂ ಮುಂಬಯಿಯ ಉಪನಗರಗಳು ತಿರುಗಲಿಲ್ಲ. ಉತ್ತರದಿಂದ ಜನತಾ ಪಕ್ಷದ ಶ್ರೀ ರವೀಂದ್ರ ವರ್ಮಾ ಆಯ್ಕೆಯಾದರು. ಅವರು ಕೇರಳದವರು. ಮೆನನ್ನರಿಗೆ ಮುಚ್ಚಿದ್ದ ಬಾಗಿಲು ಹದಿಮೂರು ವರ್ಷಗಳಲ್ಲಿ ಮತ್ತೊಬ್ಬ ಕೇರಳೀಯರಿಗೆ ತೆರೆದುದನ್ನು ಗಮನಿಸಬೇಕು. 1984ರಲ್ಲಿ ಕಾಂಗ್ರೆಸ್ಸಿನ ಶ್ರೀ ಅನೂಪಚಂದ್ ಶಾ ಗೆದ್ದರು.

1989ರಿಂದ ಆರಂಭವಾದದ್ದು ಭಾರತೀಯ ಜನತಾ ಪಕ್ಷದ ಶ್ರೀ ರಾಮ್ ನಾಯಿಕರ ಕಾಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯೂ ಅದೇ. ವಾಣಿಜ್ಯ ಪದವೀಧರರಾದ ನಾಯಿಕರು 1964ರಲ್ಲಿ ಗೋರೆಗಾಂವ್ ಪ್ರವಾಸಿ ಸಂಘವನ್ನು ಕಟ್ಟಿ ರೈಲು ಪ್ರಯಾಣಿಕರ ಕಷ್ಟಗಳಿಂದಲೇ ಸಾರ್ವಜನಿಕ ಜೀವನಕ್ಕೆ ಬಂದವರು. ಬೊರಿವಲಿಯಿಂದ ಮೂರು ಬಾರಿ ಶಾಸಕರಾಗಿ, ಅನಂತರ 1989, 1991, 1996, 1998, 1999 ಹೀಗೆ ಸತತವಾಗಿ ಐದು ಬಾರಿ ಲೋಕಸಭೆಗೆ ಆರಿಸಿ ಬಂದರು. ದಿನವೂ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವ ಮತದಾರನಿಗೆ ಗಾಡಿಯ ವಿಚಾರ ಬಲ್ಲ ಪ್ರತಿನಿಧಿ ಬೇಕಾಗಿದ್ದುದು ಸಹಜವೇ.

ಅಂಕಿಗಳು ಹೇಳುವ ಕಥೆ

2004ರ ಫಲಿತಾಂಶವು ರಾಜಕೀಯ ಪಂಡಿತರನ್ನು ತಬ್ಬಿಬ್ಬುಗೊಳಿಸಿತು. ಕೇಂದ್ರದಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದ ನಾಯಿಕರನ್ನು ಚಿತ್ರನಟ ಗೋವಿಂದ ಅವರು 48,271 ಮತಗಳಿಂದ ಸೋಲಿಸಿದರು. ಗೋವಿಂದ ಅವರು ವಿರಾರಿನಲ್ಲಿ ಬೆಳೆದವರು. ಆಗ ವಸಯಿ-ವಿರಾರ್ ಭಾಗವೂ ಈ ಕ್ಷೇತ್ರದಲ್ಲಿತ್ತು. 1962ರಲ್ಲಿ ಪ್ರಚಾರಕ್ಕೆ ಬಂದಿದ್ದ ಬೆಳ್ಳಿತೆರೆ 2004ರಲ್ಲಿ ತಾನೇ ಅಭ್ಯರ್ಥಿಯಾಗಿ ನಿಂತಿತು. ಸಂಸತ್ತಿನಲ್ಲಿ ಅವರ ಹಾಜರಾತಿ ಸಾಲದೆಂಬ ಟೀಕೆ ಬಂದಿತು. ಅವರು ಮತ್ತೆ ಸ್ಪರ್ಧಿಸಲಿಲ್ಲ.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ವಸಯಿ-ವಿರಾರ್ ಬೇರ್ಪಟ್ಟಿತು. ಗೋರೆಗಾಂವ್ ವಾಯವ್ಯಕ್ಕೆ ಸೇರಿತು. ದಹಿಸರ್, ಬೊರಿವಲಿ, ಮಾಗಾಠಾಣೆ, ಕಾಂದಿವಲಿ ಪೂರ್ವ, ಚಾರಕೋಪ್, ಮಲಾಡ್ ಪಶ್ಚಿಮ ಎಂಬ ಆರು ವಿಧಾನಸಭಾ ಕ್ಷೇತ್ರಗಳು ಉಳಿದವು. ಮುಂದಿನ ನಾಲ್ಕು ಚುನಾವಣೆಗಳ ಲೆಕ್ಕ ಹೀಗಿದೆ:

2009: ಸಂಜಯ ನಿರುಪಮ್ (ಕಾಂಗ್ರೆಸ್) 2,55,157, ರಾಮ್ ನಾಯಿಕ್ (ಭಾಜಪ) 2,49,378. ಅಂತರ 5,779.
2014: ಗೋಪಾಲ ಶೆಟ್ಟಿ (ಭಾಜಪ) 6,64,004, ಸಂಜಯ ನಿರುಪಮ್ (ಕಾಂಗ್ರೆಸ್) 2,17,422. ಅಂತರ 4,46,582.
2019: ಗೋಪಾಲ ಶೆಟ್ಟಿ (ಭಾಜಪ) 7,06,678, ಊರ್ಮಿಳಾ ಮಾತೋಂಡ್ಕರ್ (ಕಾಂಗ್ರೆಸ್) 2,41,431. ಅಂತರ 4,65,247.
2024: ಪೀಯೂಷ್ ಗೋಯಲ್ (ಭಾಜಪ) 6,80,146, ಭೂಷಣ್ ಪಾಟೀಲ್ (ಕಾಂಗ್ರೆಸ್) 3,22,538. ಅಂತರ 3,57,608.

ಲೆಕ್ಕಪತ್ರ ನೋಡುವ ವೃತ್ತಿಯವನಾದ ನನ್ನ ಕಣ್ಣು ಮೊದಲು ನಿಲ್ಲುವುದು 2009ರ ಸಾಲಿನ ಮೇಲೆ. ಮೂರನೆಯ ಸ್ಥಾನದಲ್ಲಿದ್ದ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಅಭ್ಯರ್ಥಿಗೆ 1,47,502 ಮತಗಳು ದೊರೆತಿದ್ದವು. 'ಸ್ಥಳೀಯರಿಗೇ ಮೊದಲ ಹಕ್ಕು' ಎಂದ ಪಕ್ಷವು ಮತಗಳನ್ನು ಒಡೆದುದರಿಂದ ಬಿಹಾರದಲ್ಲಿ ಹುಟ್ಟಿದ ನಿರುಪಮರ ಹಾದಿ ಸುಗಮವಾಯಿತೆಂದು ಅನೇಕರು ಅರ್ಥೈಸಿದರು. ಆ ವರ್ಷ ಮುಂಬಯಿಯ ಮತದಾರರಲ್ಲಿ ಅರ್ಧದಷ್ಟು ಮಂದಿಯೂ ಮತಗಟ್ಟೆಗೆ ಹೋಗಿರಲಿಲ್ಲ. 5,779 ಎಂದರೆ ಎಷ್ಟು? ನಾಲ್ಕಾರು ದೊಡ್ಡ ವಸತಿ ಸಂಕೀರ್ಣಗಳ ಮತದಾರರು ಮನಸ್ಸು ಮಾಡಿದ್ದರೆ ಲೆಕ್ಕವೇ ಬದಲಾಗಬಹುದಾಗಿತ್ತು.

ಎರಡನೆಯದು 2014ರ ಸಾಲು. ಗೋಪಾಲ ಶೆಟ್ಟಿಯವರು ತುಳುನಾಡಿನ ಮೂಲದವರು; ನಗರಸೇವಕರಾಗಿ, ಬೊರಿವಲಿಯ ಶಾಸಕರಾಗಿ, ಉದ್ಯಾನ ಮೈದಾನಗಳನ್ನು ಬೆಳೆಸಿ ಹೆಸರು ಮಾಡಿದವರು. ದಾಕ್ಷಿಣಾತ್ಯನೆಂಬ ಕಾರಣಕ್ಕೆ ಮೆನನ್ನರನ್ನು ವಿರೋಧಿಸಿದ್ದ ಶಿವಸೇನೆಯ ಮೈತ್ರಿಯೊಡನೆಯೇ ಅವರು ಗೆದ್ದರು. ಎರಡೂ ಬಾರಿ ದೇಶವ್ಯಾಪಿ ಅಲೆ ಇತ್ತೆಂಬುದು ನಿಜ. ಆದರೂ 1967ರ ಉಪನಗರಕ್ಕೂ 2014ರ ಉಪನಗರಕ್ಕೂ ನಡುವೆ ಬಹುದೊಡ್ಡ ದಾರಿ ಸವೆದಿದೆ. ಕುತೂಹಲದ ಸಂಗತಿಯೆಂದರೆ, 2024ರ ನವೆಂಬರದ ವಿಧಾನಸಭಾ ಚುನಾವಣೆಗೆ ಬೊರಿವಲಿಯಲ್ಲಿ ಹೊರಗಿನ ಅಭ್ಯರ್ಥಿಯನ್ನು ತಂದರೆಂದು ಮುನಿದು ನಾಮಪತ್ರ ಸಲ್ಲಿಸಿ, ಬಳಿಕ ಹಿಂತೆಗೆದುಕೊಂಡವರು ಇದೇ ಶೆಟ್ಟಿಯವರು. ತುಳುನಾಡಿನ ಮೂಲದವರು 'ಸ್ಥಳೀಯ'ರ ಪರವಾಗಿ ನಿಂತರು!

ನಮ್ಮ ಹೆಸರು ಎಲ್ಲಿದೆ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಾರವನ್ನು ಓದುಗರ ಮುಂದಿಡದಿದ್ದರೆ ಲೇಖನ ಅಪೂರ್ಣವಾದೀತು. ಇಲ್ಲಿ ಮೂವತ್ತು ವರ್ಷ ಬಾಳಿ, ಇಲ್ಲಿಯ ನೀರು ಕುಡಿದು, ಇಲ್ಲಿ ತೆರಿಗೆ ತೆತ್ತು, ಮಕ್ಕಳ ಮದುವೆಯನ್ನೂ ಇಲ್ಲಿಯೇ ಮಾಡಿದ ನಮ್ಮವರಲ್ಲಿ ಕೆಲವರ ಹೆಸರು ಇಂದಿಗೂ ಊರಿನ ಮತದಾರರ ಯಾದಿಯಲ್ಲಿಯೇ ಇದೆ. ಕೆಲವರದು ಎಲ್ಲಿಯೂ ಇಲ್ಲ. "ಊರಲ್ಲಿ ಮನೆಯಿದೆಯಲ್ಲ" ಎಂಬುದು ಸಾಮಾನ್ಯವಾದ ಸಮಾಧಾನ.

ಕಾನೂನು ಈ ಸಮಾಧಾನವನ್ನು ಒಪ್ಪುವುದಿಲ್ಲ. 1950ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 20ನೆಯ ಕಲಮಿನ ಪ್ರಕಾರ, ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆ ಎಂಬ ಕಾರಣ ಮಾತ್ರದಿಂದ ಯಾರೂ ಅಲ್ಲಿಯ ಸಾಮಾನ್ಯ ನಿವಾಸಿಯಾಗುವುದಿಲ್ಲ. ಎಲ್ಲಿ ವಾಸವೋ ಅಲ್ಲಿ ಮತ. 17ನೆಯ ಕಲಮಿನಂತೆ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಕೂಡದು. ಸುಳ್ಳು ಹೇಳಿಕೆ ಕೊಟ್ಟು ನೋಂದಾಯಿಸುವುದು 31ನೆಯ ಕಲಮಿನಡಿ ಶಿಕ್ಷಾರ್ಹ ಅಪರಾಧ.

ಹೊಸದಾಗಿ ಹೆಸರು ಸೇರಿಸಲು 6ನೆಯ ನಮೂನೆ. ವಾಸಸ್ಥಳ ಬದಲಾದಾಗ ಹೆಸರನ್ನು ವರ್ಗಾಯಿಸಿಕೊಳ್ಳಲು 8ನೆಯ ನಮೂನೆ. ಮೊದಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ ಈ ನಾಲ್ಕು ತಿಂಗಳುಗಳ ಮೊದಲ ದಿನವೂ ಅರ್ಹತಾ ದಿನವೇ. ಹದಿನೆಂಟು ತುಂಬಿದ ಮಕ್ಕಳು ವರ್ಷವಿಡೀ ಕಾಯಬೇಕಾಗಿಲ್ಲ.

ನಮ್ಮ ಹೋಟೆಲು ಉದ್ಯಮದ ಬಂಧುಗಳಿಗೆ ಇನ್ನೊಂದು ಮಾತು. 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮಕ್ಕೆ 1996ರಲ್ಲಿ ಸೇರಿಸಿದ 135ಬಿ ಕಲಮಿನಂತೆ, ಮತದಾನದ ದಿನ ಮತದಾರರಾದ ನೌಕರರಿಗೆ ಸಂಬಳ ಕಡಿತವಿಲ್ಲದೆ ರಜೆ ಕೊಡಬೇಕು. ಅಡುಗೆಮನೆಯ ಹುಡುಗನಿಗೂ ಗಲ್ಲೆಯಲ್ಲಿ ಕುಳಿತವರಿಗೂ ಅದು ಸಮಾನವಾಗಿ ಸಲ್ಲುವ ಹಕ್ಕು. ಮಾಲೀಕರು ತಾವಾಗಿಯೇ ಮುಂದೆ ಬಂದು ಈ ಅನುಕೂಲ ಮಾಡಿಕೊಟ್ಟರೆ ಸಮಾಜಕ್ಕೆ ಮಾದರಿಯಾದಾರು.

ವಹಿವಾಟಿಲ್ಲದ ಖಾತೆಯಲ್ಲಿ ಹಣವಿದ್ದರೂ ಬ್ಯಾಂಕು ಅದನ್ನು ನಿಷ್ಕ್ರಿಯ ಖಾತೆಗಳ ಸಾಲಿಗೆ ಸೇರಿಸುತ್ತದೆ. ಮತದ ವಿಷಯದಲ್ಲಿಯೂ ಹಾಗೆಯೇ. ಹಕ್ಕಿದ್ದರೆ ಸಾಲದು, ಅದು ನಡೆಯುತ್ತಿರಬೇಕು. ಬೊರಿವಲಿಯಲ್ಲಿ ಹೆಸರು ನೋಂದಾಯಿಸಿಕೊಂಡ ಮಾತ್ರಕ್ಕೆ ಊರಿನ ದೈವವಾಗಲಿ ಮನೆತನವಾಗಲಿ ನಮ್ಮನ್ನು ಕೈಬಿಡುವುದಿಲ್ಲ. ಜಾತ್ರೆಗೆ, ಮದುವೆಗೆ, ತೋಟದ ಕೊಯ್ಲಿಗೆ ಊರಿದೆ. ನಲ್ಲಿಯ ನೀರಿಗೆ, ರೈಲಿನ ಮೇಲ್ಸೇತುವೆಗೆ, ಮಕ್ಕಳ ಶಾಲೆಯ ಮುಂದಿನ ರಸ್ತೆಗೆ ಈ ಉಪನಗರವೇ ಉತ್ತರ ಹೇಳಬೇಕು. "ಇವರು ಇಲ್ಲಿಯವರೇ?" ಎಂಬ ಪ್ರಶ್ನೆಯನ್ನು ಅಭ್ಯರ್ಥಿಗಳಿಗೆ ಕೇಳುವ ಮೊದಲು, ಮತದಾರರ ಯಾದಿಯನ್ನು ತೆರೆದು ನಮ್ಮ ಹೆಸರನ್ನೊಮ್ಮೆ ಹುಡುಕಿ ನೋಡುವುದು ಒಳಿತು.