ಕೊಟ್ಟಿಗೆ ರಿಪೇರಿ: ಮೇಸ್ತ್ರಿ ಕೊಟ್ಟ ಅಂದಾಜು ನೋಡುವುದು ಹೇಗೆ?



ಮುಂಗಾರಿಗೆ ಮುಂಚೆ ಕೊಟ್ಟಿಗೆ ರಿಪೇರಿ ಮಾಡಿಸುವವರು ಅಂದಾಜಿನ ಒಟ್ಟು ಮೊತ್ತವನ್ನಷ್ಟೇ ನೋಡಬೇಡಿ. ಇಬ್ಬರು ಮೇಸ್ತ್ರಿಗಳಿಗೆ ಒಂದೇ ಅಳತೆ ಕೊಟ್ಟು ಸಾಮಾನು, ಕೂಲಿ, ಸಾಗಾಣಿಕೆ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಉದಾಹರಣೆಗೆ, 150 ಚದರ ಅಡಿ ನೆಲಕ್ಕೆ 4 ಅಂಗುಲ ಕಾಂಕ್ರೀಟ್ ಎಂದರೆ 50 ಘನ ಅಡಿ. 1:2:4 ಮಿಶ್ರಣಕ್ಕೆ ಸುಮಾರು 9 ಚೀಲ ಸಿಮೆಂಟ್ ಬೇಕು. 5 ಚೀಲ ಬರೆದಿದ್ದರೆ ನೆಲ ತೆಳುವಾಗುತ್ತದೆ, ಇಲ್ಲವೇ ಸಿಮೆಂಟ್ ಸಾಲುವುದಿಲ್ಲ.

10 ಅಡಿಗೆ 3 ಅಂಗುಲ ಇಳಿಜಾರು, ಜಾರದಂತೆ ಗೆರೆ ಎಳೆದ ನೆಲ, ಗಂಜಲದ ಚರಂಡಿ ಅಂದಾಜಿನಲ್ಲಿ ಇವೆಯೇ ನೋಡಿ. ಮೂಡಿಗೆರೆ, ಕಳಸದ ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಮಲಗುವ ಹಸುವಿಗೆ ಕೆಚ್ಚಲು ಬಾವಿನ ಭಯ ಹೆಚ್ಚು. ಆಗ ಉಳಿಸಿದ ಹಣ ಔಷಧಿಗೆ ಹೋಗುತ್ತದೆ, ಹಾಲೂ ಕೈತಪ್ಪುತ್ತದೆ.

ಹಣವನ್ನು ಕಂತಿನಲ್ಲಿ ಕೊಡಿ. ಕೊನೆಯ ಕಂತಿಗೆ ಮೊದಲು ಒಂದು ಕೊಡ ನೀರು ಸುರಿಯಿರಿ. ಅದು ನಿಲ್ಲದೆ ಚರಂಡಿ ಸೇರಬೇಕು.