ಶುಭ ಅವಸರ

ಭಾಷೆಯನ್ನು ಕಲಿಸಿ ಜೀವನ ಮಾಡುವವನಿಗೆ ನಡುವಯಸ್ಸಿನಲ್ಲಿ ಮತ್ತೊಂದು ಭಾಷೆಯನ್ನು ಕಲಿಯುವ ಯೋಗ ಬರಬಾರದು. ಬಂದರೂ ಅದು ಮಕ್ಕಳ ಕಣ್ಣಿಗೆ ಬೀಳಬಾರದು. ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳ ಒತ್ತಕ್ಷರಗಳನ್ನು ತಿದ್ದುತ್ತ, ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಬೋಧಿಸುತ್ತ ಬಂದ ನಾನು, ಕಳೆದ ಪುಷ್ಯಮಾಸವೆಲ್ಲ ಕೈಯಲ್ಲೊಂದು ಪುಟ್ಟ ಟಿಪ್ಪಣಿ ಪುಸ್ತಕ ಹಿಡಿದು, ಕನ್ನಡಿಯ ಮುಂದೆ ನಿಂತು, “ಥೋಡಾ ಔರ್ ಲೀಜಿಯೇ ನಾ” ಎಂದು ನನ್ನ ಪ್ರತಿಬಿಂಬವನ್ನೇ ಉಪಚರಿಸುತ್ತಿದ್ದೆ. ಇದನ್ನು ಕಂಡ ನನ್ನ ಮಗಳು, “ಅಪ್ಪ, ಕನ್ನಡಿಯಲ್ಲಿರೋರು ಸಾಕು ಅಂತಿದಾರೆ” ಎಂದಳು.

ಕಾರಣ ಹಗುರವಾದುದಲ್ಲ. ನನ್ನ ಅಕ್ಕನ ಮಗಳಿಗೆ ಲಕ್ನೋದ ಮನೆತನವೊಂದರಲ್ಲಿ ಸಂಬಂಧ ಕೂಡಿಬಂದಿತ್ತು. ಹುಡುಗನೂ ಹುಡುಗಿಯೂ ಬೆಂಗಳೂರಿನಲ್ಲಿ ಒಟ್ಟಿಗೆ ಓದಿದವರು. ಇಬ್ಬರಿಗೂ ಕೆಲಸ ದೊರೆತದ್ದು ಲಕ್ನೋದಲ್ಲಿ. ಹುಡುಗನ ಅಜ್ಜಿಗೆ ಎಂಬತ್ತು ದಾಟಿದೆ, ದೂರದ ಪ್ರಯಾಣ ಅವರಿಂದಾಗದು. ಆದ್ದರಿಂದ ಮದುವೆ ಅಲ್ಲಿಯೇ ಎಂದು ನಿಶ್ಚಯವಾಯಿತು. ಊರು ಅವರದಾದರೂ ಹೆಣ್ಣಿನ ಕಡೆಯವರು ನಾವು. ದಿಬ್ಬಣವನ್ನು ಬಾಗಿಲಲ್ಲಿ ಎದುರುಗೊಳ್ಳಬೇಕಾದವರು ನಾವು. ಭಾವನವರು ತೀರಿಕೊಂಡು ಒಂಬತ್ತು ವರ್ಷವಾಗಿದೆ. ಹಾಗಾಗಿ ಆ ಬಾಗಿಲಲ್ಲಿ ನಿಲ್ಲುವ ಭಾರ ಸೋದರಮಾವನಾದ ನನ್ನ ಮೇಲೆ ಬಿದ್ದಿತು.

ಅವರ ಕಡೆಯ ಲಗ್ನಪತ್ರಿಕೆ ಬಂದ ದಿನ ಅಕ್ಕ, ಶಾಲೆಯಲ್ಲಿ ಕಲಿತಿದ್ದ ನಾಗರೀ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದಳು. ‘ಶುಭ ಅವಸರ್ ಪರ್’ ಎಂಬಲ್ಲಿಗೆ ಬಂದು ತಲೆಯೆತ್ತಿದಳು. “ಅಲ್ಲವೋ, ಮದುವೆ ಅಂದಮೇಲೆ ಅವಸರ ಇದ್ದೇ ಇರುತ್ತೆ. ಅದನ್ನ ಪತ್ರಿಕೆಯಲ್ಲಿ ಯಾಕೆ ಅಚ್ಚುಹಾಕಿಸಿದಾರೆ?” ಹಿಂದಿಯಲ್ಲಿ ‘ಅವಸರ’ವೆಂದರೆ ಸಂದರ್ಭ, ಸುಸಮಯ ಎಂದು ವಿವರಿಸಿದೆ. ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಂದಳು: “ನೋಡು, ಹೆಣ್ಣು ಕೊಟ್ಟ ಮನೆಯಲ್ಲಿ ನಾವು ಮೂಗರ ಹಾಗೆ ನಿಂತರೆ ಹೇಗೆ? ಬಂದವರನ್ನ ಬನ್ನಿ ಅನ್ನೋದಕ್ಕಾದರೂ ಮಾತು ಬೇಡವೆ? ನೀನು ಕಲಿ.”

ಅಕ್ಕನ ಮಾತನ್ನು ತೆಗೆದುಹಾಕುವ ಧೈರ್ಯ ನನಗೆ ಎಂದೂ ಇರಲಿಲ್ಲ. ಆದರೂ ಒಳಗೊಳಗೇ ಒಂದು ಮುಜುಗರ. ಬ್ಯಾಂಕೊಂದರ ಕಿಟಕಿಯಲ್ಲಿ ಕುಳಿತ ತರುಣ ನೌಕರ “ಹಿಂದೀ ಮೇಂ ಬೋಲಿಯೇ” ಎಂದಾಗ ಅವನೊಡನೆ ಅರ್ಧ ಘಂಟೆ ವಾದಿಸಿ, ಕನ್ನಡದಲ್ಲಿಯೇ ಚೀಟಿ ತುಂಬಿಕೊಟ್ಟು ಬಂದವನು ನಾನು. ಅಂಥವನು ಈಗ ತಾನಾಗಿ ಹೋಗಿ ಹಿಂದಿಯ ಬಾಗಿಲು ತಟ್ಟುವುದೆ? ಎರಡು ದಿನ ಈ ತೊಳಲಾಟದಲ್ಲಿದ್ದೆ. ಕೊನೆಗೆ ನನಗೆ ತೋರಿದ್ದಿಷ್ಟು: ಅಪ್ಪಣೆಯಾಗಿ ಬರುವ ಭಾಷೆ ಬೇರೆ, ಆಮಂತ್ರಣವಾಗಿ ಬರುವ ಭಾಷೆ ಬೇರೆ. ಮೊದಲನೆಯದರ ಮುಂದೆ ನಿಂತು ವಾದಿಸಬಹುದು. ಎರಡನೆಯದರ ಮುಂದೆ ವಾದ ಹೂಡಿದರೆ ಅದು ಒರಟುತನವಾದೀತು.

ನನಗೆ ಹಿಂದಿ ಬಾರದೆಂದಲ್ಲ. ಗಾಂಧೀಜಿಯವರು 1918ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು ನಮ್ಮ ಮನೆಮನೆಗೂ ಪರಿಚಿತವಾದುವು. ಬಾಲ್ಯದಲ್ಲಿ ನಾನೂ ‘ಪ್ರಾಥಮಿಕ’, ‘ಮಧ್ಯಮಾ’, ‘ರಾಷ್ಟ್ರಭಾಷಾ’ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿದವನೇ. ಆದರೆ ಆ ಹಿಂದಿಯಲ್ಲಿ ಗೋವನ್ನು ಕುರಿತು ಪ್ರಬಂಧ ಬರೆಯಬಹುದು, ರಜೆ ಬೇಡಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಬಹುದು. ಬೀಗರ ತಟ್ಟೆಗೆ ಇನ್ನೊಂದು ಪೂರಿ ಹಾಕಲು ಅದು ಸಾಲದು. ನಮ್ಮ ಕಾಲೇಜಿನ ಹಿಂದಿ ಅಧ್ಯಾಪಕರನ್ನು ಕೇಳಿದೆ. ಅವರು ಅಪ್ಪಟ ಕನ್ನಡಿಗರು. “ಕಾಮಾಯನೀ ಕಾವ್ಯವನ್ನು ಬೇಕಾದರೆ ಪಾಠ ಹೇಳುತ್ತೇನೆ, ಪಂಕ್ತಿಯಲ್ಲಿ ಉಪಚಾರ ಮಾಡುವ ಹಿಂದಿ ನನಗೂ ಬಾರದು” ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಕಾಲೇಜಿನ ಹಿಂದಿನ ಬೀದಿಯ ಮಿಠಾಯಿ ಅಂಗಡಿಗೆ ನನ್ನನ್ನು ಕರೆದೊಯ್ದರು. ಅಂಗಡಿಯಾತ ಕಾನಪುರದ ಕಡೆಯವನು. ಇಲ್ಲಿಗೆ ಬಂದು ಮೂವತ್ತು ವರ್ಷವಾಗಿ, ಕನ್ನಡವನ್ನು ನಮ್ಮಂತೆಯೇ ಆಡುತ್ತಾನೆ. ಜಿಲೇಬಿಯ ಬಾಣಲೆಯ ಪಕ್ಕದಲ್ಲಿ ನನ್ನ ವಿದ್ಯಾರಂಭವಾಯಿತು.

ಅವನು ಹೇಳಿದ ಮೊದಲ ಪಾಠವೇ ಚೆನ್ನಾಗಿತ್ತು: “ಸಾರ್, ಮದುವೆಮನೆ ಮಾತಿಗೆ ಅರ್ಥ ಹುಡುಕಬೇಡಿ, ಸಮಯ ನೋಡಿ.” ಮನೆಯವರು ಎದುರಾದೊಡನೆ “ಬಹುತ್ ಬಹುತ್ ಬಧಾಯೀ” ಅಥವಾ “ಮುಬಾರಕ್ ಹೋ.” ಹಿರಿಯರು ಬಂದರೆ “ಆಯಿಯೇ, ತಶ್ರೀಫ್ ರಖಿಯೇ” — ಎಂದರೆ ‘ತಮ್ಮ ಗೌರವವನ್ನು ಇಲ್ಲಿ ಇರಿಸಿ’, ಕುಳಿತುಕೊಳ್ಳಿ ಎಂಬುದಕ್ಕೆ ಇಷ್ಟು ದೊಡ್ಡ ಪೀಠ! ಊಟದಲ್ಲಿ “ಆಪ್ ತೋ ಕುಛ್ ಲೇ ಹೀ ನಹೀಂ ರಹೇ” ಎಂದು ಆಕ್ಷೇಪಿಸಬೇಕು, ಎದುರಿಗಿರುವವರು ನಾಲ್ಕನೆಯ ಗುಲಾಬ್ ಜಾಮೂನು ತಿನ್ನುತ್ತಿದ್ದರೂ. “ತಕಲ್ಲುಫ್ ಮತ್ ಕೀಜಿಯೇ” ಎಂಬುದು ನಮ್ಮ “ಸಂಕೋಚ ಮಾಡ್ಕೋಬೇಡಿ”ಯ ಅಣ್ಣ. ಇನ್ನು ಮಾತೆಲ್ಲ ಮುಗಿದು, ಇಬ್ಬರೂ ಶಾಮಿಯಾನದ ದೀಪಗಳನ್ನು ನೋಡುತ್ತ ನಿಂತಾಗ ಒದಗುವ ದಿವ್ಯಮಂತ್ರ “ಔರ್ ಸುನಾಯಿಯೇ.” ನಮ್ಮಲ್ಲಿ “ಮತ್ತೇನ್ ಸಮಾಚಾರ?” ಎನ್ನುತ್ತೇವಲ್ಲ, ಅದೇ. ಸಮಾಚಾರ ಯಾರಿಗೂ ಬೇಕಿಲ್ಲ; ನೀವು ಬೇಕು ಎಂದಷ್ಟೇ ಅದರ ತಾತ್ಪರ್ಯ.

ಕಷ್ಟವಿದ್ದುದು ಲಿಂಗದಲ್ಲಿ. ಕನ್ನಡದಲ್ಲಿ ಗಂಡು ಗಂಡು, ಹೆಣ್ಣು ಹೆಣ್ಣು, ಉಳಿದುದೆಲ್ಲ ‘ಅದು’. ಹಿಂದಿಯಲ್ಲಾದರೋ ನಿರ್ಜೀವ ವಸ್ತುವಿಗೂ ಗಂಡುಹೆಣ್ಣಿನ ಭೇದವುಂಟು. ರೋಟಿ ಹೆಣ್ಣು, ಅನ್ನ ಗಂಡು. ಮದುವೆ ‘ಶಾದೀ’ ಆದರೆ ಹೆಣ್ಣು, ಅದೇ ಮದುವೆ ‘ಬ್ಯಾಹ್’ ಆದರೆ ಗಂಡು! ಖುಶಿಯಂತೂ ಹೆಣ್ಣೇ. “ಖುಶೀ ಹುಯೀ” ಎಂಬುದನ್ನು ನೂರು ಸಲ ಬರೆದೆ. ವಿದ್ಯಾರ್ಥಿಗಳಿಗೆ ನಾನು ಕೊಡುವ ಶಿಕ್ಷೆಯ ರುಚಿ ಆಗ ತಿಳಿಯಿತು. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸವೆಂಬುದನ್ನು ನೆನೆದು ಸಮಾಧಾನ ತಂದುಕೊಂಡೆ.

ರೈಲಿನಲ್ಲಿ ಎರಡು ದಿನ ಕಳೆದು ಹದಿನಾರು ಮಂದಿ ಲಕ್ನೋ ಮುಟ್ಟಿದೆವು. ನಮ್ಮಲ್ಲಿ ಮುಹೂರ್ತವೆಂದರೆ ಬೆಳಗಿನ ಹೊತ್ತು. ಅಲ್ಲಿ ಸಪ್ತಪದಿಯ ‘ಫೇರೇ’ ನಡೆಯುವುದು ನಡುರಾತ್ರಿ ಕಳೆದ ಮೇಲೆ. ಸಂಜೆ ಬ್ಯಾಂಡು ಬಾರಿಸುತ್ತ ‘ಬಾರಾತ್’ ಬಂದಿತು. ಸೆಹರಾದ ಮುಸುಕಿನಲ್ಲಿ ವರ, ಕೆಳಗೆ ಬಿಳಿಯ ಹೆಣ್ಣುಕುದುರೆ. ಬಾಗಿಲಲ್ಲಿ ಆರತಿಯ ತಟ್ಟೆಯೊಡನೆ ಅಕ್ಕ; ಹಾರ ಹಿಡಿದು ನಾನು. ಬೀಗರು ಎದುರಿಗೆ ಬಂದರು. ಟಿಪ್ಪಣಿ ಪುಸ್ತಕ ಜೇಬಿನಲ್ಲಿತ್ತು. ತಲೆಯಲ್ಲಿ ಏನೂ ಇರಲಿಲ್ಲ. “ಆಯಿಯೇ... ಬಹುತ್ ಖುಶೀ ಹುವಾ” ಎಂದುಬಿಟ್ಟೆ. ನೂರು ಸಲದ ಬರಹ ನೀರಪಾಲಾಯಿತು! ಬೀಗರು ಒಂದು ಕ್ಷಣ ನನ್ನನ್ನು ನೋಡಿ, ಗಟ್ಟಿಯಾಗಿ ತಬ್ಬಿಕೊಂಡು, “ಹಮ್ಹೇಂ ಭೀ ಬಹುತ್ ಖುಶೀ ಹುವಾ” ಎಂದರು. ನನ್ನ ತಪ್ಪನ್ನು ತಿದ್ದದೆ ತಾವೂ ಅದನ್ನೇ ಮಾಡಿದರು. ಅಧ್ಯಾಪಕನಾಗಿ ನಾನು ಎಂದೂ ಯಾರಿಗೂ ತೋರದಿದ್ದ ಸೌಜನ್ಯ ಅದು.

ಆ ಊರಿನಲ್ಲಿ ಚಿಕ್ಕ ಮಕ್ಕಳೂ ‘ನಾನು’ ಎನ್ನುವುದಕ್ಕೆ ‘ಹಮ್’ ಎನ್ನುತ್ತಾರೆ. ನಮ್ಮಲ್ಲಿ ಅರಸರೂ ಮಠಾಧಿಪತಿಗಳೂ ಮಾತ್ರ ಆಡುವ ‘ನಾವು’ ಅಲ್ಲಿ ವಿನಯದ ಮಾತು. ಬೀಗರು ನನ್ನ ಉದ್ಯೋಗ ವಿಚಾರಿಸಿದಾಗ, ವಾರಕ್ಕೆ ಹದಿನಾರು ‘ಉಪನ್ಯಾಸ’ಗಳನ್ನು ಕೊಡುತ್ತೇನೆಂದೆ. ಅವರ ಕಣ್ಣು ಅರಳಿತು. ನೆಂಟರನ್ನು ಕರೆದು ಕರೆದು ನನ್ನನ್ನು ತೋರಿಸಿದರು. ಹಿಂದಿಯಲ್ಲಿ ‘ಉಪನ್ಯಾಸ’ವೆಂದರೆ ಕಾದಂಬರಿ ಎಂಬುದು ನೆನಪಾಗುವ ಹೊತ್ತಿಗೆ ನಾನು ವಾರಕ್ಕೆ ಹದಿನಾರು ಕಾದಂಬರಿ ಬರೆಯುವ ಮಹಾಪುರುಷನಾಗಿದ್ದೆ.

ವರನ ಸೋದರತ್ತೆ ನಮ್ಮ ಸಂಬಂಧವಾಚಕಗಳನ್ನು ಕೇಳಿದರು. ಅವರಲ್ಲಿ ತಂದೆಯ ತಂಗಿ ‘ಬುವಾ’, ಮಾವನ ಹೆಂಡತಿ ‘ಮಾಮೀ’, ಗಂಡನ ತಾಯಿ ‘ಸಾಸ್’. ನಮ್ಮಲ್ಲಿ ಮೂವರೂ ‘ಅತ್ತೆ’ಯೇ ಎಂದೆ. ಏಕೆ ಎಂದರು. ಸೋದರಮಾವನ ಮಗನಿಗೆ ಹೆಣ್ಣು ಕೊಡುವ ರೂಢಿಯುಂಟು, ಕೆಲವೆಡೆ ಸೋದರಮಾವನಿಗೇ ಕೊಡುವುದೂ ಉಂಟು, ಎಂದು ಪಾಠ ಹೇಳುವ ಉತ್ಸಾಹದಲ್ಲಿ ನುಡಿದೆ. ಸುತ್ತಲೂ ಮೌನ ಕವಿಯಿತು. ಅವರ ಕಡೆ ಅದು ಅಣ್ಣತಂಗಿಯರ ಸಂಬಂಧದಷ್ಟೇ ನಿಷಿದ್ಧ. ನನ್ನ ಬೆವರು ನೋಡಿದ ಆ ತಾಯಿಯೇ ಕೊನೆಗೆ ಕೈಹಿಡಿದರು: “ಔರ್ ಸುನಾಯಿಯೇ!” ಮಿಠಾಯಿ ಗುರುವಿನ ಮಂತ್ರದ ಮಹಿಮೆ ಅಂದು ಅರ್ಥವಾಯಿತು.

ಊಟದಲ್ಲಿ ಮತ್ತೊಂದು. ಬಡಿಸುವವರ ಒತ್ತಾಯಕ್ಕೆ “ಬಸ್, ಬಸ್” ಎಂದು ಎರಡು ಸಲ ಹೇಳಿ ಸೋತು, ಮೂರನೆಯ ಸಲ ಬಾಯಿಗೆ ಬಂದದ್ದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಿವಿಗೆ ಬಿದ್ದ ಮಾತು: “ನಕ್ಕೋ!” ನಾನು ನಕ್ಕೋ ಎಂದೆ, ಪಂಕ್ತಿಯೆಲ್ಲ ನಕ್ಕಿತು. ಆದರೆ ಇದಕ್ಕೆ ಮಾತ್ರ ನಾನು ನಾಚಲಿಲ್ಲ. ಅದು ದಖನಿ, 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿಗಳ ಕಾಲದಿಂದ ನಮ್ಮ ನೆಲದಲ್ಲಿ ಬೆಳೆದ ನುಡಿ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹ ‘ಕಿತಾಬ್-ಎ-ನೌರಸ್’ ರಚಿಸಿದ್ದು ದಖನಿಯಲ್ಲಿಯೇ. ಇಷ್ಟನ್ನೂ ಹೇಳಿದೆ. ಕೇಳಿದವರು ತಲೆದೂಗಿ, ಮತ್ತೊಂದು ಪೂರಿ ಹಾಕಿದರು.

ಆಗ ಒಳಗಿನಿಂದ ಅಜ್ಜಿಯ ಅಪ್ಪಣೆ ಬಂದಿತು: ಹೆಣ್ಣಿನ ಕಡೆಯವರು ‘ಗಾರೀ’ ಹಾಡಬೇಕು. ದಿಬ್ಬಣದವರು ಉಣ್ಣುವಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹೆಸರು ಹಿಡಿದು ಬೈದು ಹಾಡುವ ಪದ್ಧತಿ ಅದು. ತುಲಸೀದಾಸರ ರಾಮಚರಿತಮಾನಸದಲ್ಲಿ ಜನಕನ ಮನೆಯ ಔತಣದಲ್ಲಿಯೂ ಅದು ಬರುತ್ತದೆ. ನಮ್ಮ ಹೆಂಗಸರಿಗೆ ಇದೇನು ಹೊಸದೆ? ಬೀಗರನ್ನು ಹೀಯಾಳಿಸುವ ಹಾಡು ನಮ್ಮಲ್ಲಿಲ್ಲವೆ? ನನ್ನ ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಎತ್ತಿಯೇಬಿಟ್ಟರು. ರಾಗಕ್ಕೆ ಎಲ್ಲರೂ ತೂಗಿದರು, ಆದರೆ ಬೈಗುಳ ಯಾರಿಗೂ ತಗುಲಲಿಲ್ಲ. ಅರ್ಥ ಹೇಳು ಎಂದು ಅಜ್ಜಿ ನನ್ನನ್ನು ಕರೆಸಿದರು. ಬೀಗನ ಹೊಟ್ಟೆ ಕಣಜದಷ್ಟಿದೆ, ಎಷ್ಟು ಸುರಿದರೂ ತುಂಬದು ಎಂಬುದು ಹಾಡಿನ ಸಾರ. ನನ್ನ ‘ರಾಷ್ಟ್ರಭಾಷಾ’ ಪರೀಕ್ಷೆಯ ಹಿಂದಿಯಲ್ಲಿ ನಿವೇದಿಸಿದೆ: “ಸಮಧೀಜೀ ಕಾ ಉದರ್ ಅತ್ಯಂತ್ ವಿಶಾಲ್ ಹೈ.” ಅಜ್ಜಿ ಕೈಮುಗಿದರು. ಇದು ಗಣೇಶನ ಸ್ತುತಿಯೋ ಗಾರಿಯೋ ಎಂದು ಕೇಳಿದರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ಅಲ್ಲಿ ಹೇಳಬೇಕಾದ ಮಾತನ್ನು ಕಲಿಸಿದರು: “ಪೇಟೂ!” ತಮ್ಮ ಮಗನನ್ನೇ ಬೈಯುವ ಮಾತನ್ನು ತಾವೇ ಬಾಯಿಪಾಠ ಮಾಡಿಸಿದರು. ಎದ್ದು ನಿಂತು ಗಟ್ಟಿಯಾಗಿ ಹೇಳಿದೆ. ಬೀಗರ ಮುಖ ಬೆಳಗಿತು. ಬಧಾಯಿಗಳಿಂದ ಅದುವರೆಗೆ ಆಗದಿದ್ದುದು ಆ ಒಂದು ಬೈಗುಳದಿಂದ ಆಯಿತು. ನಾನು ಅತಿಥಿಯಾಗಿದ್ದವನು ನೆಂಟನಾದೆ.

ಅಜ್ಜಿಯ ಮಾತು ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ನನ್ನ ಹಿಂದಿಯ ದೋಷವೆಂದುಕೊಂಡಿದ್ದೆ. ವರ ಮೆಲ್ಲಗೆ ಹೇಳಿದ: “ಮಾವ, ಅವರದು ಹಿಂದಿ ಅಲ್ಲ, ಅವಧಿ. ನಮ್ಮ ಅಪ್ಪ ಮನೆಯೊಳಗೆ ಅವಧಿ, ಹೊರಗೆ ಹಿಂದಿ. ನನಗೆ ಅವಧಿ ತಿಳಿಯುತ್ತೆ, ಆಡೋಕೆ ಬರಲ್ಲ.” ನಾನು ಬೆರಗಾದೆ. 1540ರಲ್ಲಿ ಜಾಯಸಿ ‘ಪದ್ಮಾವತ’ವನ್ನೂ, 1574ರಲ್ಲಿ ತೊಡಗಿ ತುಲಸೀದಾಸರು ‘ಮಾನಸ’ವನ್ನೂ ಬರೆದ ನುಡಿ, ಈ ಮನೆಯಲ್ಲಿ ಒಬ್ಬ ಮುದುಕಿಯ ಕೋಣೆಗೆ ಸರಿದಿದೆ! ನಾನು ಯಾವ ಭಾಷೆಯನ್ನು ಇವರ ಮನೆಮಾತೆಂದು ಅಂಜಿ ಕಲಿತು ಬಂದೆನೋ, ಅದು ಇಲ್ಲಿಯೂ ಜಗುಲಿಯ ಭಾಷೆಯೇ. ಅಡುಗೆಮನೆಯ ಭಾಷೆ ಬೇರೆಯಿದೆ. ಬ್ಯಾಂಕಿನ ಕಿಟಕಿಯ ಸಿಟ್ಟು ನನಗೆ ಇಳಿದಿಲ್ಲ. ಆದರೆ ಆ ಅಜ್ಜಿಯೂ ನಾನೂ ಒಂದೇ ಸಾಲಿನಲ್ಲಿ ನಿಂತವರೆಂದು ಅಂದಿನಿಂದ ಅನಿಸುತ್ತಿದೆ.

ಬೆಳಕು ಹರಿಯುವ ಮುನ್ನ ‘ವಿದಾಯೀ’. ಅದಕ್ಕೆಂದು ಕಲಿತ ಮಾತು ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿತ್ತು, ತೆರೆಯಲಿಲ್ಲ. ಹುಡುಗಿ ಅಜ್ಜಿಯ ಕಾಲಿಗೆರಗಿದಳು. ತಂದೆಯ ತಾಯಿಯನ್ನು ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಅವರು ಕೇಳಿದರು. “ಅಜ್ಜಿ” ಎಂದಳು. ಹಾಗಾದರೆ ನೀನು ಹಾಗೆಯೇ ಕರೆ, ದಾದೀ ಎನ್ನುವವರು ಈ ಮನೆಯಲ್ಲಿ ಏಳು ಜನ ಇದ್ದಾರೆ ಎಂದರು. ಅಕ್ಕ ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು, ಆ ಒಂದು ಕನ್ನಡದ ಮಾತಿಗೆ ಅತ್ತುಬಿಟ್ಟಳು.

ಹಿಂದಿರುಗುವ ರೈಲಿನಲ್ಲಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಝಾನ್ಸಿ ದಾಟಿದ ಮೇಲೆ ಕೈಚೀಲದಿಂದ ಲಗ್ನಪತ್ರಿಕೆಯನ್ನು ತೆಗೆದು, ಮತ್ತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಹಿಂದಿಯಲ್ಲಿ ಇದಕ್ಕೇನೋ ಬೇರೆ ಅರ್ಥ ಅಂದೆಯಲ್ಲ?” ಎಂದಳು. “ಇಲ್ಲ ಕಣೋ. ಕನ್ನಡದಲ್ಲೇ ಸರಿಯಾಗಿದೆ. ಅವಸರವೇ ಆಯ್ತು.”